ಚಿಕ್ಕಮ್ಮನ ಪರಿಚಯದ ಮಂತ್ರಿ

ಈಗಿನ ಮಂತ್ರಿಗಳಿಗೆ ಎಲ್ಲವೂ ನೆನಪಿರುತ್ತದೆ. ಅಣ್ಣ, ತಮ್ಮ, ಭಾವಮೈದುನ, ಸೋದರಳಿಯನ ಹೆಂಡತಿಯ ತವರೂರು, ಯಾವುದನ್ನೂ ಮರೆಯುವುದಿಲ್ಲ. ನಾನು ಹುಡುಗಿಯಾಗಿದ್ದಾಗ ಹೀಗಿರಲಿಲ್ಲ. ಪ್ರಮಾಣವಚನದ ಕೊನೆಯ ಮಾತು ಬಾಯಿಂದ ಹೊರಟಿತೆಂದರೆ ಮಂತ್ರಿಯಾದವರಿಗೆ ಮನೆ ಮರೆತುಹೋಗುತ್ತಿತ್ತು. ಹೆಂಡತಿ ಅಥವಾ ಗಂಡ, ಮಕ್ಕಳು, ಹೆತ್ತವರು, ಹುಟ್ಟಿದ ಬೀದಿ, ಎಲ್ಲ. ಓದುಬರಹ, ಲೆಕ್ಕಾಚಾರ, ಲೋಕಜ್ಞಾನ ಹಾಗೇ ಉಳಿಯುತ್ತಿತ್ತು. ಅವಧಿ ಮುಗಿದು ಕುರ್ಚಿ ಬಿಟ್ಟ ದಿನ ಮನೆ ತಿರುಗಿ ನೆನಪಾಗುತ್ತಿತ್ತು, ಮಂತ್ರಿಯಾಗಿದ್ದ ಕಾಲವಷ್ಟೂ ಅಳಿಸಿಹೋಗುತ್ತಿತ್ತು. ನಮಗೆ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಮಾಜಿ ಮಂತ್ರಿಗಳು ಪೇಟೆಯಲ್ಲಿ ನಡೆದುಹೋಗುವಾಗ ಯಾರೋ ಅಡ್ಡ ಬಂದು ಕಾಲು ಮುಟ್ಟುತ್ತಿದ್ದರು, ಇನ್ಯಾರೋ ಮುಖ ತಿರುಗಿಸಿಕೊಳ್ಳುತ್ತಿದ್ದರು. ಅವರು ಎರಡಕ್ಕೂ ಕೈಮುಗಿದು, ಏನು ಮಾಡಿದ್ದೆನೋ ಏನೋ ಅಂದುಕೊಳ್ಳುತ್ತ ಮುಂದೆ ಹೋಗುತ್ತಿದ್ದರು. ಆಗಿನ ಪ್ರಧಾನಿ ಹೊನ್ನಾದೇವಿಯ ಗಂಡ ಹಳೇ ಅಂಚೆಕಚೇರಿಯ ಪಕ್ಕದಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ. ಆಕೆಯ ಕೈಗಡಿಯಾರ ಕೆಟ್ಟಾಗ ಪೇದೆ ಅದನ್ನು ಅವನ ಹತ್ತಿರವೇ ತರುತ್ತಿದ್ದ. ಅವನು ರಿಪೇರಿ ಮಾಡಿ, ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡು, ವಾಪಸು ಕೊಡುತ್ತಿದ್ದ.

ನಮ್ಮದು ರಾಜಧಾನಿ ಅನ್ನಿಸಿಕೊಂಡ ಊರು. ಊರಿಗೂ ಮಂತ್ರಿಗಳ ಓಣಿಗೂ ನಡುವೆ ಒಂದು ಕೆರೆ. ಸಚಿವಾಲಯ ಹಿಂದೆ ಹತ್ತಿಯ ಗೋದಾಮಾಗಿತ್ತು. ಎಷ್ಟು ಸುಣ್ಣ ಬಳಿದರೂ ಹತ್ತಿಬೀಜದ ವಾಸನೆ ಹೋಗಿರಲಿಲ್ಲ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಸರ್ಕಾರ ನೆನಪಾಗುತ್ತದೆ, ಸರ್ಕಾರದ ಹಿಂದೆಯೇ ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ನೀಲಾಂಬಿಕೆ ನನ್ನ ತಾಯಿಯ ತಂಗಿ. ಕೆಳಪೇಟೆಯಲ್ಲಿ ಅವಳ ಮನೆ. ನಾನು ಟೀಚರ್ ಟ್ರೈನಿಂಗಿಗೆ ಸೇರಿದಾಗ ಅವಳ ಮನೆಯಲ್ಲಿ ಇದ್ದೆ, ಆಮೇಲೆ ಕೆಲಸ ಸಿಕ್ಕಿದರೂ ಅಲ್ಲೇ ಉಳಿದೆ. ಅವರಿಗೆ ಮಕ್ಕಳಿರಲಿಲ್ಲ. ಚಿಕ್ಕಪ್ಪ ಶಿವನಂಜಪ್ಪ ಕೆಳಪೇಟೆಯಿಂದ ಮೂರು ಸಲ ಗೆದ್ದ ಜನಪ್ರತಿನಿಧಿ. ಜಗಲಿ ತುಂಬ ಯಾವಾಗಲೂ ಜನ. ಅವರ ಜೊತೆ ನಗುತ್ತ ಕೂತಿದ್ದ ಮನುಷ್ಯ ಒಳಗೆ ಬಂದ ಕೂಡಲೇ ಮಾತು ನಿಲ್ಲಿಸಿಬಿಡುತ್ತಿದ್ದರು. ಒಳ್ಳೆಯವರಲ್ಲ ಅಂತೇನಲ್ಲ. ಹೊಡೆದವರಲ್ಲ, ಬೈದವರೂ ಅಲ್ಲ. ಚಿಕ್ಕಮ್ಮ ಅನ್ನುವವಳೊಬ್ಬಳು ಮನೆಯಲ್ಲಿದ್ದಾಳೆ ಅನ್ನುವುದು ಅವರಿಗೆ ಕಾಫಿ ತಡವಾದಾಗ ಮಾತ್ರ ಗೊತ್ತಾಗುತ್ತಿತ್ತು. "ಏ ಇವಳೇ" ಅನ್ನುವುದೊಂದೇ ಅವರು ಅವಳಿಗೆ ಇಟ್ಟಿದ್ದ ಹೆಸರು.

ಅವರಿಗಿದ್ದ ಆಸೆ ಒಂದೇ, ಮಂತ್ರಿಯಾಗಬೇಕು. ಸಂಪುಟದಲ್ಲಿ ಹನ್ನೊಂದು ಕುರ್ಚಿ. ಬಂದರಿನವರಿಗೆ ಇಷ್ಟು, ಗುಡ್ಡದ ಸೀಮೆಯವರಿಗೆ ಇಷ್ಟು, ಮೇಲುಪೇಟೆಗೆ ಇಷ್ಟು ಅಂತ ಹಂಚಿ ಮುಗಿಯುವಷ್ಟರಲ್ಲಿ ಕೆಳಪೇಟೆಯ ಹೊತ್ತಿಗೆ ಕುರ್ಚಿಗಳೇ ಉಳಿಯುತ್ತಿರಲಿಲ್ಲ. ಮೂರನೇ ಸಲ ಗೆದ್ದ ವರ್ಷ ಹೊನ್ನಾದೇವಿ ಪ್ರಧಾನಿಯಾದರು. ಸಂಪುಟದ ಹೆಸರುಗಳನ್ನು ರೇಡಿಯೋದಲ್ಲಿ ಓದುವ ದಿನ ಇಡೀ ಬೀದಿ ನಮ್ಮ ಜಗಲಿಯಲ್ಲಿ ಸೇರಿತ್ತು. ಹಣಕಾಸು ಬಂದರಿನವರಿಗೆ ಹೋಯಿತು. ಗೃಹ ಮೇಲುಪೇಟೆಗೆ. ಲೋಕೋಪಯೋಗಿ ಗುಡ್ಡದವರಿಗೆ ಅಂದಾಗ ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಹತ್ತು ಹೆಸರು ಆದವು. ಎಲ್ಲರೂ ಏಳಲು ಶುರುಮಾಡಿದ್ದರು. ಆಗ ರೇಡಿಯೋದವಳು ಕೆಮ್ಮಿ, "ಕುಡಿಯುವ ನೀರು, ಶ್ರೀ ಶಿವನಂಜಪ್ಪ, ಕೆಳಪೇಟೆ" ಅಂದಳು.

ಬೀದಿ ಕೂಗಿದ ಕೂಗಿಗೆ ಎದುರು ಮನೆಯ ಮಗು ಅಳತೊಡಗಿತು. ಚಿಕ್ಕಪ್ಪನನ್ನು ಎತ್ತಿಕೊಂಡು ಕುಣಿದರು. ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಜನ ಹೋದ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಹೋಗ್ತೀರಾ?"

"ಮತ್ತೆ? ಬೇಡ ಅನ್ಲಾ? ಎಷ್ಟು ವರ್ಷ ಕಾದಿದ್ದೀನಿ ಗೊತ್ತಾ?"

"ಅತ್ತೆಗೆ ವಯಸ್ಸಾಗಿದೆ. ನೀವು ನಮ್ಮನ್ನೆಲ್ಲ ಮರೀತೀರಿ."

"ಎಲ್ಲಾ ಮಂತ್ರಿಗಳೂ ಮರೀತಾರೆ ಕಣೇ, ನಾನೊಬ್ನೇನಾ? ಐದು ವರ್ಷ ಅಷ್ಟೆ. ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಬಂದ್ಬಿಡ್ತೀನಿ," ಅಂದರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು.

ಪ್ರಮಾಣವಚನಕ್ಕೆ ಮನೆಯವರು ಬರಬಹುದಿತ್ತು, ಪಕ್ಕದಲ್ಲಿ ಹಗ್ಗ ಕಟ್ಟಿದ ಜಾಗದಲ್ಲಿ ನಿಲ್ಲಬೇಕಿತ್ತು. ಚಿಕ್ಕಪ್ಪನ ತಾಯಿ ಗುರುಬಸಮ್ಮಜ್ಜಿಗೆ ಕಣ್ಣು ಮಂಜಾಗಿತ್ತು. ನಾನು ಒಂದು ಕಡೆ, ಚಿಕ್ಕಮ್ಮ ಒಂದು ಕಡೆ ಹಿಡಿದುಕೊಂಡಿದ್ದೆವು. ಚಿಕ್ಕಪ್ಪ ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ಒಂದು ಸಲ ನಮ್ಮ ಕಡೆ ನೋಡಿ ಹುಬ್ಬು ಹಾರಿಸಿದರು. ಕೊನೆಯ ಮಾತು ಮುಗಿಯಿತು. ಸಭೆಗೆ ಕೈಮುಗಿಯುತ್ತ ತಿರುಗಿದಾಗ ಅವರ ಕಣ್ಣು ಚಿಕ್ಕಮ್ಮನ ಮೇಲೆ ಬಂತು, ಅಲ್ಲಿಂದ ಪಕ್ಕದಲ್ಲಿದ್ದ ಪೊಲೀಸಿನವನ ಮೇಲೆ ಹೋಯಿತು. ಎರಡೂ ಕಡೆ ಒಂದೇ ನಗು.

"ಮುಗೀತಾ?" ಅಂತ ಅಜ್ಜಿ ಕೇಳಿದಳು.

"ಮುಗೀತು ಅತ್ತೆ, ಬನ್ನಿ," ಅಂದಳು ಚಿಕ್ಕಮ್ಮ.

ಮೊದಲ ವರ್ಷ ಚಿಕ್ಕಮ್ಮ ಕೆರೆಯ ಆಚೆ ಕಾಲಿಡಲಿಲ್ಲ. ಮಂತ್ರಿಗಳ ಮನೆಯವರು ಸಾಮಾನ್ಯವಾಗಿ ಅಹವಾಲಿನ ದಿನ ಹೋಗಿ ಜನರ ಸಾಲಿನಲ್ಲಿ ನಿಂತು ಮುಖ ನೋಡಿಕೊಂಡು ಬರುತ್ತಿದ್ದರು. ಏನಾದರೂ ನೆನಪಿಸಲು ಹೋದರೆ ಉಪಯೋಗವಿರಲಿಲ್ಲ. ಹೊಸದಾಗಿ ಮನೆಯಲ್ಲಿ ಕಾಯತೊಡಗಿದವರು ಒಂದು ಸಲ ಪ್ರಯತ್ನ ಮಾಡುವುದು, ಮಂತ್ರಿ "ಹೌದಾ, ಸಂತೋಷ" ಅಂತ ವಿನಯದಿಂದ ಕೇಳಿಸಿಕೊಂಡು ಮುಂದಿನವರನ್ನು ಕರೆಯುವುದು, ಇವರು ಆಚೆ ಬಂದು ಕಣ್ಣೊರೆಸಿಕೊಳ್ಳುವುದು. ಆಮೇಲೆ ಯಾರೂ ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ.

ಅಜ್ಜಿ ಮಾತ್ರ ವಾರವಾರವೂ ಹೋಗುತ್ತಿದ್ದಳು. ಏನಾದರೊಂದು ದೂರು ಹುಟ್ಟಿಸಿಕೊಳ್ಳುತ್ತಿದ್ದಳು. ನಲ್ಲಿಯ ತಿರುಪು ಬಿಗಿ, ನೀರಿಗೆ ತುಕ್ಕಿನ ರುಚಿ, ಬಿಂದಿಗೆ ಸೋರುತ್ತೆ. ಬಿಂದಿಗೆ ಸೋರಿದರೆ ಸರ್ಕಾರ ಏನು ಮಾಡಬೇಕು ಅಂತ ನಾನು ನಕ್ಕರೆ, "ನಿಂಗೇನು ಗೊತ್ತು, ಸುಮ್ನಿರು," ಅನ್ನುತ್ತಿದ್ದಳು. ಮಂತ್ರಿಗಳು ವಯಸ್ಸಾದ ಹೆಂಗಸರನ್ನೆಲ್ಲ ತಾಯಿ ಅಂತ ಕರೆಯುತ್ತಿದ್ದರು. ಅಜ್ಜಿಯ ಸರದಿ ಬಂದಾಗ ಮುಂದೆ ಬಗ್ಗಿ, "ಏನಾಗಬೇಕು ತಾಯಿ?" ಅಂತ ಕೇಳುತ್ತಿದ್ದರು. ಅಜ್ಜಿ ಮನೆಗೆ ಬಂದು ಕಾಲು ಚಾಚಿ ಕೂತು, "ತಾಯಿ ಅಂದ ಕಣೇ ನೀಲಾ. ಇವತ್ತು ಎರಡು ಸಲ ಅಂದ," ಅನ್ನುತ್ತಿದ್ದಳು.

ಎರಡನೇ ವರ್ಷದ ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿ ನಿಂತುಹೋಯಿತು. ಮೇಲುಪೇಟೆಯಲ್ಲಿ ಹೂಗಿಡಕ್ಕೆ ನೀರು, ನಮ್ಮಲ್ಲಿ ಕುಡಿಯುವುದಕ್ಕಿಲ್ಲ. ಎದುರು ಮನೆಯ ಚಂದ್ರಮತಿ ಜಗಳಕ್ಕೇ ಬಂದಳು. "ನಿನ್ನ ಗಂಡನ ಖಾತೆ ನೀಲಕ್ಕಾ, ನೀನೇ ಹೋಗಿ ಕೇಳು. ನಮ್ಮ ಬೀದಿ ಮಂತ್ರಿ ಇದ್ದೂ ನಾವು ಬಾಯಾರಿ ಸಾಯ್ಬೇಕಾ?"

"ಅವರಿಗೆ ಯಾವ ಬೀದಿಯಾದ್ರೆ ಏನು ಈಗ?" ಅಂದಳು ಚಿಕ್ಕಮ್ಮ. ಆದರೂ ಸೀರೆ ಬದಲಾಯಿಸಿ ಹೊರಟಳು. ನಾನೂ ಜೊತೆಗೆ ಹೋದೆ.

ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ಮಂತ್ರಿಗಳು ಎದ್ದು ನಿಂತರು. ಎಲ್ಲರಿಗೂ ಹಾಗೇ ನಿಲ್ಲುತ್ತಿದ್ದರಂತೆ, ನಮಗೆ ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಟ್ಟು ಹೆಸರು ಕೇಳಿದರು.

"ನೀಲಾಂಬಿಕೆ."

"ಕೂತ್ಕೊಳ್ಳಿ ನೀಲಾಂಬಿಕೆಯವರೆ. ಹೇಳಿ."

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಕೂತಳು. ಮದುವೆಯಾದ ಮೇಲೆ ಆ ಗಂಟಲಿನಿಂದ ತನ್ನ ಹೆಸರನ್ನು ಅವಳು ಕೇಳಿರಲಿಲ್ಲ. ಆಮೇಲೆ ಹೇಳತೊಡಗಿದಳು. ನೀರು ಬರುತ್ತಿದ್ದ ಹೊತ್ತು, ಹೆಂಗಸರು ಬಾವಿಗೆ ನಡೆಯುವ ದೂರ, ಬಾವಿಯ ನೀರು ಕುಡಿದು ಮಕ್ಕಳಿಗೆ ಹೊಟ್ಟೆನೋವು ಬಂದದ್ದು. ಆತ ಗಲ್ಲ ಉಜ್ಜಿಕೊಳ್ಳುತ್ತ ಕೇಳಿದರು. ಅದು ಚಿಕ್ಕಪ್ಪನದೇ ಅಭ್ಯಾಸ. ನಡುವೆ ಯಾರೋ ಅಧಿಕಾರಿ ಬಂದು ಕಿವಿಯಲ್ಲಿ ಏನೋ ಹೇಳಲು ಹೋದ. "ಸ್ವಲ್ಪ ಇರಿ, ಅವರ ಮಾತು ಮುಗಿದಿಲ್ಲ," ಅಂದರು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಕೆರೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. "ಪಮ್ಮೀ," ಅಂದಳು ನನಗೆ, "ನಾನು ಹೇಳಿದ್ದನ್ನ ಪೂರ್ತಿ ಕೇಳಿದ್ರು ಕಣೇ ಆ ಮನುಷ್ಯ."

ಮಾರನೆಯ ದಿನ ಮಂತ್ರಿಗಳು ಬೀದಿಗೇ ಬಂದರು. ಪ್ಯಾಂಟು ಮೇಲಕ್ಕೆ ಮಡಿಸಿಕೊಂಡು ಅಗೆದ ಗುಂಡಿಗೆ ಇಳಿದು ಪೈಪು ನೋಡಿದರು. ಅವರ ಸ್ವಂತ ಮನೆಯ ಎದುರಿಗೇ ನಿಂತು, "ಈ ಮನೆ ಯಾರದು? ಜಗಲಿ ಚೆನ್ನಾಗಿದೆ," ಅಂದರು. ಚಿಕ್ಕಮ್ಮ, "ನಮ್ಮದೇ," ಅಂದಳು.

"ಯಜಮಾನರು?"

"ಊರಲ್ಲಿಲ್ಲ. ಬರೋದು ತಡವಾಗುತ್ತೆ."

ಬೀದಿಯ ಹೆಂಗಸರೆಲ್ಲ ಒಟ್ಟಿಗೆ ಬಿಂದಿಗೆಗಳ ಕಡೆ ನೋಡತೊಡಗಿದರು. ನಮ್ಮ ಊರಿನ ಜನಕ್ಕೆ ಆ ಮರ್ಯಾದೆ ಇತ್ತು. ನಗಬೇಕಾದ ಕಡೆ, ಅಳಬೇಕಾದ ಕಡೆ, ಬೇರೆ ಏನನ್ನಾದರೂ ನೋಡುವುದು.

ನಲ್ಲಿಯಲ್ಲಿ ನೀರು ಬಂತು. ಆದರೆ ಇಡೀ ಕೆಳಪೇಟೆಯ ಕೊಳವೆ ಹಳೆಯದು, ಹೊಳೆಯಿಂದ ಹೊಸದಾಗಿ ತರಬೇಕು ಅಂತ ಮಂತ್ರಿಗಳು ಪಟ್ಟುಹಿಡಿದರು. ಬೀದಿಬೀದಿಯ ಹೆಂಗಸರನ್ನು ಸೇರಿಸಿ ಒಂದು ಸಮಿತಿ ಮಾಡಿ ಚಿಕ್ಕಮ್ಮನನ್ನೂ ಹಾಕಿಕೊಂಡರು. ಸಭೆ ಮುಗಿದ ಮೇಲೆ ಅವರೂ ಕೆರೆ ಏರಿಯ ಮೇಲೆ ನಡೆಯುವವರು, ಇವಳೂ ಅದೇ ದಾರಿಯಲ್ಲಿ ಮನೆಗೆ ಬರುವವಳು. ಮೊದಮೊದಲು ನೀರಿನ ಮಾತು. ಕ್ರಮೇಣ ಮಾತು ಎಲ್ಲೆಲ್ಲಿಗೋ ಹೋಗತೊಡಗಿತು. ಚಿಕ್ಕಮ್ಮ ಹುಡುಗಿಯಾಗಿದ್ದಾಗ ಈಜು ಕಲಿತಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಅದನ್ನು ಅವಳು ಹೇಳಿದ್ದು ಮಂತ್ರಿಗಳಿಗೆ, ಹಿಂದೆ ನಡೆಯುತ್ತಿದ್ದ ನನ್ನ ಕಿವಿಗೂ ಬಿತ್ತು. ಮನೆಯಲ್ಲಿ ಅವಳ ಧ್ವನಿಯೇ ಬೇರೆಯಾಯಿತು. ಅಡುಗೆಮನೆಯಲ್ಲಿ ಗುನುಗುತ್ತಿದ್ದಳು. ಅಜ್ಜಿಯ ಜೊತೆ ತಮಾಷೆ ಮಾಡುತ್ತಿದ್ದಳು. ಆ ವರ್ಷಗಳನ್ನು ನೆನೆದರೆ ಸಂಜೆಯ ಏರಿ, ಕೆರೆಯಲ್ಲಿ ಮುಳುಗೇಳುವ ಬಾತುಗಳು, ಮುಂದೆ ಇಬ್ಬರ ಬೆನ್ನು, ಇವೇ ನನ್ನ ಕಣ್ಣಮುಂದೆ ಬರುತ್ತವೆ. ಎಷ್ಟೋ ಸಂಸಾರಗಳನ್ನು ನೋಡಿದ್ದೇನೆ, ನಾನೂ ಸಂಸಾರ ಮಾಡಿದ್ದೇನೆ. ಅಷ್ಟು ಸಮಾಧಾನವಾಗಿ ಪಕ್ಕಪಕ್ಕದಲ್ಲಿ ನಡೆದ ಇಬ್ಬರನ್ನು ಮತ್ತೆ ನೋಡಿಲ್ಲ.

ಒಂದು ಸಂಜೆ ಮಂತ್ರಿಗಳು ಕೇಳಿದರು, "ನಿಮ್ಮ ಯಜಮಾನರು ಹೇಗೆ? ಅವರ ವಿಷಯ ನೀವು ಮಾತಾಡೋದೇ ಇಲ್ಲ."

"ಕೆಟ್ಟವರಲ್ಲ. ನಾನಿದ್ದೀನಿ ಅಂತ ಅವರಿಗೆ ಗೊತ್ತಿಲ್ಲ, ಅಷ್ಟೆ."

"ಅದೇನು ಸಣ್ಣ ವಿಷಯವಾ?" ಅಂದರು ಅವರು. ಧ್ವನಿಯಲ್ಲಿ ಸಿಟ್ಟಿತ್ತು. "ಜೊತೆಗಿದ್ದವರನ್ನ ಹಾಗೆ..." ಅಂದವರು ಅರ್ಧಕ್ಕೆ ನಿಲ್ಲಿಸಿದರು. ಸ್ವಲ್ಪ ದೂರ ನಡೆದು, "ನನಗೂ ಯಾರೋ ಒಬ್ಬರು ಇರಬೇಕಲ್ಲ," ಅಂದರು. "ಈ ಊರಲ್ಲೇ ಎಲ್ಲೋ. ಅವರನ್ನ ನಾನು ಹೇಗೆ ನೋಡಿಕೊಂಡಿದ್ದೆನೋ. ರಾತ್ರಿ ಮಲಗಿದಾಗ ಅದೊಂದು ಯೋಚನೆ ಬರುತ್ತೆ."

ಚಿಕ್ಕಮ್ಮ ಸೆರಗು ಹೊದ್ದುಕೊಂಡು, "ಗಾಳಿ ಜಾಸ್ತಿ ಆಯ್ತು, ಹೋಗೋಣ," ಅಂದಳು.

ಐದು ವರ್ಷ ಆಗುತ್ತ ಬಂತು. ಚುನಾವಣೆ ಆಯಿತು, ಹೊನ್ನಾದೇವಿಯ ಪಕ್ಷವೇ ಮತ್ತೆ ಬಂತು. ಹೊಸ ಸಂಪುಟ ಕಟ್ಟಬೇಕಿತ್ತು. ಮೊದಲ ಸಲ ಸೇರಿಸಿಕೊಳ್ಳುವಾಗ ಮನೆಯವರನ್ನು ಯಾರೂ ಕೇಳುವುದಿಲ್ಲ. ಎರಡನೇ ಅವಧಿಗೆ ಮುಂದುವರಿಸಬೇಕಾದರೆ ಪ್ರಧಾನಿಯೇ ಮನೆಗೆ ಬಂದು ಕೇಳಬೇಕು, ಅದು ಪದ್ಧತಿ. ಒಂದು ಮಧ್ಯಾಹ್ನ ಕಾರು ನಮ್ಮ ಬೀದಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ಪ್ರಧಾನಿ ನಡೆದುಕೊಂಡೇ ಬಂದರು. ಬೆವರು ಒರೆಸಿಕೊಳ್ಳುತ್ತ ಜಗಲಿಯ ಮೇಲೆ ಕೂತರು.

"ನೋಡಿ ತಾಯಿ, ನೇರವಾಗಿ ಹೇಳಿಬಿಡ್ತೀನಿ. ಸಂಪುಟದಲ್ಲಿ ನನಗೆ ನಂಬಿಕೆ ಇರೋದು ಒಬ್ಬಿಬ್ಬರ ಮೇಲೆ. ಅದರಲ್ಲಿ ಶಿವನಂಜಪ್ಪನವರು ಒಬ್ಬರು. ಈ ಸಲ ಅವರಿಗೆ ಹಣಕಾಸು ಕೊಡಬೇಕು ಅಂತಿದ್ದೀನಿ. ಬಂದರಿನವರು ಮುನಿಸಿಕೊಳ್ತಾರೆ, ಮುನಿಸಿಕೊಳ್ಳಲಿ. ನೀವು ಹೂಂ ಅಂದ್ರೆ ಆಯ್ತು."

"ಇಲ್ಲ ಅಂದ್ರೆ?"

"ಮನೆಗೆ ಕಳಿಸ್ತೀನಿ. ಆದರೆ ಕೆಳಪೇಟೆಗೆ ಈ ಸಲ ಕುರ್ಚಿ ಇರಲ್ಲ. ಬೇರೆಯವರು ಕಾದಿದ್ದಾರೆ." ನೀರು ಕುಡಿದು ಲೋಟ ಕೆಳಗಿಟ್ಟು, "ಕಷ್ಟ ಅಂತ ಗೊತ್ತು. ನನ್ನ ಮನೆಯವರನ್ನೂ ಯಾರೋ ಹೋಗಿ ಕೇಳಿರಬೇಕು. ಯಾರೋ, ಎಲ್ಲಿದ್ದಾರೋ," ಅಂದರು. ಅವರ ಕೈಯಲ್ಲಿದ್ದ ಗಡಿಯಾರ ಎರಡು ದಿನದ ಹಿಂದೆ ರಿಪೇರಿಯಾಗಿ ಬಂದದ್ದು.

ಕಾರು ಹೋದ ಕೂಡಲೇ ಬೀದಿ ಒಳಗೆ ನುಗ್ಗಿತು. ಚಂದ್ರಮತಿ ಚಿಕ್ಕಮ್ಮನ ಕೈ ಹಿಡಿದುಕೊಂಡಳು. "ಹೂಂ ಅಂದ್ಬಿಡು ನೀಲಕ್ಕಾ. ಕೊಳವೆ ಕೆಲಸ ಅರ್ಧ ಆಗಿದೆ. ಹಣಕಾಸು ಬಂದ್ರೆ ಕೆಳಪೇಟೆ ಉದ್ಧಾರ ಆಗುತ್ತೆ. ಇನ್ನೊಂದು ಐದು ವರ್ಷ, ಏನಾಗುತ್ತೆ?" ಚಿಕ್ಕಮ್ಮ ಬೇಡ ಅನ್ನಲಿಲ್ಲ. ಅವಳ ಮುಖ ನೋಡಿದರೆ ಹೂಂ ಅನ್ನುವುದಕ್ಕೇ ಕಾರಣ ಹುಡುಕುತ್ತಿದ್ದಾಳೆ ಅನ್ನಿಸಿತು. ಕೆಳಪೇಟೆಗಾಗಿ ಅಂತ ಹೇಳಿಕೊಳ್ಳಬಹುದಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಎಲ್ಲ ಹೋದ ಮೇಲೆ ಅಜ್ಜಿ ಅವಳನ್ನು ಹತ್ತಿರ ಕರೆದಳು. ಈಗೀಗ ಅಜ್ಜಿಗೆ ಏಳಲಾಗುತ್ತಿರಲಿಲ್ಲ. ಅಹವಾಲಿಗೂ ಹೋಗುವುದು ನಿಂತಿತ್ತು. ಮಗನನ್ನು ಕಳಿಸಿಕೊಡಲು ಹೇಳು ಅಂತ ಗೋಗರೆಯುತ್ತಾಳೆ ಅಂದುಕೊಂಡು ನಾನು ಬಾಗಿಲಲ್ಲೇ ನಿಂತೆ.

"ಹೂಂ ಅಂತ ಹೇಳಿಬಿಡು," ಅಂದಳು ಅಜ್ಜಿ.

"ಅತ್ತೆ?"

"ನನಗೆ ಕಣ್ಣಿಲ್ಲದಿದ್ರೂ ಕಿವಿ ಇದೆ. ನೀನು ಈ ಮನೇಲಿ ನಗೋದು ಕೇಳಿದ್ದು ಇತ್ತೀಚೆಗೇ. ಅವನು ಬಂದ್ರೆ ಅದು ಹೋಗುತ್ತೆ. ನಾನು ಹೆತ್ತೋಳು, ಅವನು ಎಂಥೋನು ಅಂತ ನಂಗೊತ್ತು. ನನ್ನದೇನು, ಇವತ್ತೋ ನಾಳೆಯೋ. ತಾಯಿ ಅಂತ ಬೇಕಾದಷ್ಟು ಸಲ ಅನ್ನಿಸ್ಕೊಂಡಿದ್ದೀನಿ."

ಚಿಕ್ಕಮ್ಮ ಅಜ್ಜಿಯ ಕಾಲು ಒತ್ತುತ್ತ ಕೂತಳು. ಕತ್ತಲಾಗುವವರೆಗೂ ಒತ್ತಿದಳು.

ಮರುದಿನ ಸಂಜೆ ಏರಿಯ ಮೇಲೆ ಮಂತ್ರಿಗಳೇ ಮಾತು ತೆಗೆದರು. "ಹೊಸ ಸಂಪುಟದ ಮಾತು ನಡೀತಿದೆ. ನನ್ನ ಮನೆಗೆ ಯಾರೋ ಹೋಗಿ ಕೇಳಿರಬೇಕು."

"ನಿಮ್ಮನ್ನೇ ಕೇಳಿದ್ರೆ ಏನು ಹೇಳ್ತಿದ್ರಿ?"

ಅವರು ಯೋಚಿಸಿದರು. "ಆಸೆ ಹೇಳಬೇಕು ಅಂದ್ರೆ ಇಲ್ಲೇ ಇರ್ತೀನಿ. ಕೊಳವೆ ಮುಗಿದಿಲ್ಲ. ಈ ಏರಿ ಇದೆ, ನೀವಿದ್ದೀರಿ. ಆದರೆ ಅಲ್ಲಿ ಯಾರೋ ಕಾಯ್ತಿದ್ದಾರೆ ನೀಲಾಂಬಿಕೆಯವರೆ. ಕಾಯೋದಕ್ಕೆ ನಾನು ಅವರ ಒಪ್ಪಿಗೆ ಕೇಳಿದ್ದೆನೋ ಇಲ್ಲವೋ. ಕೇಳಿರಲಾರೆ ಅಂತ ಯಾಕೋ ಅನ್ನಿಸುತ್ತೆ. ಅವರು ಕರೆದ್ರೆ ಹೋಗೋದು ನ್ಯಾಯ."

"ಹೋದ್ರೆ ಇದೆಲ್ಲ ಮರೆತುಹೋಗುತ್ತೆ."

"ಹೋಗುತ್ತೆ. ನೀವು ಮರೆಯೋಲ್ಲ ತಾನೆ?"

"ನನಗೆ ಯಾವ ಖಾತೆಯೂ ಇಲ್ಲವಲ್ಲ," ಅಂದಳು ಚಿಕ್ಕಮ್ಮ.

ಅವರು ನಕ್ಕರು. ಅವಳೂ ನಕ್ಕಳು. ಏರಿ ಮುಗಿಯುವ ಕಡೆ ಕೈಮುಗಿದು ಅವರು ಓಣಿಯ ಕಡೆ ತಿರುಗಿದರು. ಚಿಕ್ಕಮ್ಮ ಅವರು ಕಾಣದಾಗುವವರೆಗೆ ನಿಂತಿದ್ದಳು. ಆಮೇಲೆ ಅಲ್ಲಿಂದ ನೇರ ಪ್ರಧಾನಿಯ ಮನೆಗೆ ನಡೆದಳು. ನಾನು ಹೊರಗೆ ಕಾದೆ. ಒಳಗೆ ಅವಳು ಹೇಳಿದ್ದು ಇಷ್ಟೇ ಅಂತೆ: "ಕಳಿಸಿಕೊಡಿ."

ಚಿಕ್ಕಪ್ಪ ಬಂದದ್ದು ಹಗಲು ಹೊತ್ತಿನಲ್ಲಿ. ಅಜ್ಜಿಯ ಅಪ್ಪಣೆಯಂತೆ ಮನೆಯಲ್ಲಿ ಶಾವಿಗೆ ಪಾಯಸ ಕುದಿಯುತ್ತಿತ್ತು. ಒಂದು ಕೈಚೀಲ ಹಿಡಿದುಕೊಂಡು ಬಂದು, ಚಪ್ಪಲಿ ಬಿಟ್ಟು, "ಏ ಇವಳೇ, ಯಾವ ಖಾತೆ ಕೊಟ್ಟಿದ್ರು ನಂಗೆ?" ಅಂತ ಕೇಳುತ್ತಲೇ ಒಳಗೆ ಬಂದರು. ಆಮೇಲೆ ಮಂಚದ ಮೇಲಿದ್ದ ತಾಯಿಯನ್ನು ನೋಡಿದರು. ಅವರ ಲೆಕ್ಕದಲ್ಲಿ ಬೆಳಿಗ್ಗೆ ಪ್ರಮಾಣವಚನಕ್ಕೆ ನಡೆದುಕೊಂಡು ಬಂದಿದ್ದ ಮುದುಕಿ ಒಣಗಿ ಇಷ್ಟೇ ಇಷ್ಟಾಗಿದ್ದಳು. "ಅಮ್ಮಾ," ಅಂದವರು ಅಲ್ಲೇ ಕುಸಿದು ಕೂತರು. ಅಜ್ಜಿ ಅವರ ತಲೆ, ಕಿವಿ, ಮೀಸೆ ಎಲ್ಲ ತಡವಿದಳು. ಬೀದಿಯ ಜನ ಬಾಗಿಲಲ್ಲಿ ನಿಂತು ಮೂಗೆಳೆದುಕೊಂಡರು.

ಚಿಕ್ಕಮ್ಮನನ್ನು ಹುಡುಕಿಕೊಂಡು ಹೋದೆ. ಅಡುಗೆಮನೆಯಲ್ಲಿ ಪಾಯಸ ತಿರುವುತ್ತಿದ್ದಳು. ಕೆನ್ನೆ ತುಂಬ ನೀರು. ಎಲ್ಲರೂ ಅದನ್ನು ಸಂತೋಷದ್ದು ಅಂದುಕೊಂಡರು. ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡೆ. ಅವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಅಜ್ಜಿ ಆ ವರ್ಷ ಬದುಕಿದ್ದಳು. ದಿನಾ ಮಗನ ಕೈಯಲ್ಲಿ ಊಟ ಮಾಡಿ, ಮಗನ ಕೈ ಹಿಡಿದುಕೊಂಡೇ ಹೋದಳು.

ಅಷ್ಟರಲ್ಲಿ ಚಿಕ್ಕಪ್ಪನಿಗೆ ಎಲ್ಲ ಗೊತ್ತಾಗಿತ್ತು. ಮೊದಲು ಗೊತ್ತಾದದ್ದು ಹಣಕಾಸಿನ ಸಂಗತಿ. "ಹಣಕಾಸು! ಕೆಳಪೇಟೆಯಲ್ಲಿ ಯಾರಾದ್ರೂ ಕನಸಲ್ಲಾದ್ರೂ ಕಂಡಿದ್ರಾ? ಬೇಡ ಅಂತ ಹೇಳಿ ಬಂದ್ಯಲ್ಲೇ!" ಅಂತ ಕೂಗಾಡಿದರು. ಬೀದಿಯವರೂ ಮೂತಿ ತಿರುಗಿಸಿದರು; ಕೊಳವೆ ಕೆಲಸ ಹೊಸ ಮಂತ್ರಿಯ ಕೈಯಲ್ಲಿ ಆಮೆಯಂತೆ ಸಾಗುತ್ತಿತ್ತು. ಚಿಕ್ಕಮ್ಮ ಸಂಜೆಯಾದರೆ ಒಬ್ಬಳೇ ಏರಿಗೆ ಹೋಗಿ ಬರುತ್ತಿದ್ದಳು.

ಆಮೇಲೆ ಕ್ಷೌರದಂಗಡಿಯಲ್ಲಿ ಯಾರೋ ಬಾಯಿಬಿಟ್ಟರು. ಚಿಕ್ಕಪ್ಪ ಅರ್ಧ ಬೋಳಿಸಿದ ಗಲ್ಲದಲ್ಲೇ ಮನೆಗೆ ಬಂದರು.

"ಆ ನೀರಿನ ಮಂತ್ರಿ ಜೊತೆ ದಿನಾ ಓಡಾಡ್ತಿದ್ದೆಯಂತೆ?"

"ಓಡಾಡ್ತಿದ್ದೆ."

"ಊರವರೆಲ್ಲ ನೋಡಿದ್ದಾರಂತೆ."

"ನೋಡಿರಬೇಕು. ಮರೆಯಲ್ಲಿ ಓಡಾಡಿಲ್ಲ."

ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಚಿಕ್ಕಪ್ಪ ವಾರಗಟ್ಟಲೆ ಬುಸುಗುಡುತ್ತ ತಿರುಗಿದರು. ಹಳ್ಳಿಯಿಂದ ಯಾರೋ ಒಬ್ಬ ಹಲಸಿನ ಹಣ್ಣು ಹೊತ್ತು ತಂದು, "ನಮ್ಮ ಊರಿಗೆ ಬಾವಿ ತೋಡಿಸಿಕೊಟ್ರಿ ಸ್ವಾಮಿ," ಅಂತ ಕಾಲಿಗೆ ಬಿದ್ದಾಗ, "ನಾನಲ್ಲಪ್ಪಾ, ಅವನು ಬೇರೆ," ಅಂದುಬಿಟ್ಟರು. ಜಗಲಿಯ ಜನ ಕಡಿಮೆಯಾಗಿದ್ದರು. ಮಾಜಿಗಳ ಜಗಲಿಗೆ ಯಾರು ಬರುತ್ತಾರೆ? ಸಂಜೆ ಹೊತ್ತು ಅವರೊಬ್ಬರೇ ಕೂತಿರುತ್ತಿದ್ದರು. ಒಂದು ದಿನ, ಏರಿಯಿಂದ ಬಂದ ಚಿಕ್ಕಮ್ಮ ಕಾಲು ತೊಳೆದು ಒಳಗೆ ಹೋಗುತ್ತಿದ್ದಾಗ, ಮುಖ ಬೀದಿಯ ಕಡೆ ಇಟ್ಟುಕೊಂಡೇ ಕೇಳಿದರು.

"ಹೇಗಿದ್ದ ಅವನು?"

ಚಿಕ್ಕಮ್ಮ ಹೊಸ್ತಿಲಲ್ಲೇ ನಿಂತಳು. ಅಣಕಿಸುತ್ತಿದ್ದಾರೋ ಅಂತ ನೋಡಿದಳು. ಅವರು ಉತ್ತರಕ್ಕೆ ಕಾಯುತ್ತಿದ್ದರು. ಅವಳು ತಿರುಗಿ ಬಂದು ಜಗಲಿಯ ಆ ತುದಿಯಲ್ಲಿ ಕೂತಳು.

ಆ ಸಂಜೆ ಸ್ವಲ್ಪವೇ ಹೇಳಿದಳು. ಗುಂಡಿಗಿಳಿದು ಪೈಪು ನೋಡಿದ್ದು. ಚಿಕ್ಕಪ್ಪ, "ಹುಚ್ಚ, ಮಂತ್ರಿಯಾಗಿ ಗುಂಡಿಗಿಳೀತಾರಾ?" ಅಂದರು. ಮರುದಿನ, "ಆಮೇಲೆ?" ಅಂದರು. ಹೀಗೆ ಶುರುವಾಯಿತು. ನಾನು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ರಜೆಗೆ ಬಂದಾಗಲೆಲ್ಲ ನೋಡುತ್ತಿದ್ದೆ, ಸಂಜೆಯಾದರೆ ಇಬ್ಬರೂ ಜಗಲಿಯ ಮೇಲೆ ಕೂತು ಮೂರನೆಯವನೊಬ್ಬನ ಮಾತಾಡುತ್ತಿದ್ದರು. ಚಿಕ್ಕಪ್ಪ ಅವನೊಂದಿಗೆ ವಾದ ಮಾಡುತ್ತಿದ್ದರು, ಅವನ ತಪ್ಪು ಹುಡುಕುತ್ತಿದ್ದರು, ಒಂದೊಂದು ಸಲ ಸೋಲುತ್ತಿದ್ದರು. ಅವರು ಆ ಮಂತ್ರಿಯೇನೂ ಆಗಲಿಲ್ಲ. ಕಾಫಿ ತಡವಾದರೆ ಮೊದಲಿನಂತೆಯೇ ಕೂಗುತ್ತಿದ್ದರು. ಹೆಂಡತಿಯ ಮಾತು ಮುಗಿಯುವವರೆಗೆ ಕೂತಿರುವುದನ್ನು ಮಾತ್ರ ಹೇಗೋ ಕಲಿತಿದ್ದರು.

ಕೊನೆಯ ಸಲ ಅವರಿಬ್ಬರನ್ನೂ ಒಟ್ಟಿಗೆ ನೋಡಿದಾಗ ಚಿಕ್ಕಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. ಪ್ರಮಾಣವಚನದ ಮಾತುಗಳನ್ನು ಬದಲಾಯಿಸಿ, ಮಂತ್ರಿಗಳು ಏನನ್ನೂ ಮರೆಯದ ಕಾಲ ಬಂದಿತ್ತು. ರೇಡಿಯೋದಲ್ಲಿ ಹೊಸ ಸಂಪುಟದ ಹೆಸರು ಬರುತ್ತಿದ್ದವು, ಅವರಿಬ್ಬರೂ ಅದಕ್ಕೆ ಕಿವಿಗೊಟ್ಟಿರಲಿಲ್ಲ.

"ಆ ಮನುಷ್ಯನ್ನ ಒಂದು ಸಲ ಮನೆಗೆ ಊಟಕ್ಕೆ ಕರೀಬೇಕಿತ್ತು ನೀನು," ಅಂದರು ಚಿಕ್ಕಪ್ಪ.

"ಕರೆದಿದ್ದೆ," ಅಂದಳು ಚಿಕ್ಕಮ್ಮ.

"ಮತ್ತೆ?"

"ಯಜಮಾನರು ಇಲ್ಲದಾಗ ಬರೋದು ಸರಿಯಲ್ಲ ಅಂದ್ರು."

ಚಿಕ್ಕಪ್ಪ ಗಲ್ಲ ಉಜ್ಜಿಕೊಂಡರು. ಬೀದಿಯ ಕಡೆ ನೋಡಿದರು. ತಮಗೆ ತಾವೇ ಹೇಳಿಕೊಳ್ಳುವಂತೆ, "ಒಳ್ಳೇ ಮನುಷ್ಯ," ಅಂದರು.